ಅಮೋನೈಟೋ, ಫೊರಾಮೋ, ನ್ಯಾನೋವೋ? ಕಲ್ಲಿನ ವಯಸ್ಸು ಯಾರನ್ನು ಕೇಳಬೇಕು

ಬಾಗಲಕೋಟೆಯ ಸುಣ್ಣದಕಲ್ಲನ್ನು ಎಷ್ಟು ಒಡೆದರೂ ಚಿಪ್ಪು ಸಿಗುವುದಿಲ್ಲ. ಅದು ಹುಡುಕುವವರ ತಪ್ಪಲ್ಲ. ಭೂವಿಜ್ಞಾನಿ ಬ್ರೂಸ್ ಫೂಟ್ 1876ರಲ್ಲಿ ವರ್ಣಿಸಿದ ಈ ಕಲಾದಗಿ ಶಿಲೆಗಳು ಚಿಪ್ಪಿನ ಪ್ರಾಣಿಗಳು ಹುಟ್ಟುವ ಮೊದಲೇ ಕೂಡಿಬಿದ್ದಂಥವು. ತಾಳಿಕೋಟಿ ಕಡೆಯ ಫರಸಿ ಕಲ್ಲಿನಲ್ಲೂ ಚಿಪ್ಪಿಲ್ಲ. ಅಂಥ ಕಲ್ಲಿನ ಮೇಲೆ ಗಿಡದಂತೆ ಹರಡಿದ ಕಪ್ಪು ಗುರುತು ಕಂಡರೆ ಅದು ಮ್ಯಾಂಗನೀಸ್ ಕಲೆ, ಎಲೆಯಲ್ಲ. ಆದ್ದರಿಂದ ಸಮುದ್ರದ ಪಳೆಯುಳಿಕೆ ಹಿಡಿದು ಪದರದ ವಯಸ್ಸು ಹೇಳುವುದನ್ನು ಕಲಿಯಬೇಕೆಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ನಮ್ಮ ಮೂರೂ ಜಿಲ್ಲೆಯವರು ಗುಜರಾತಿನ ಕಛ್ ಮತ್ತು ತಮಿಳುನಾಡಿನ ಅರಿಯಲೂರಿನ ಮಾದರಿಗಳನ್ನು ತರಲೇಬೇಕು. ಆ ಮಾದರಿಗಳ ಮೇಲೆ ಅಮೋನೈಟ್, ಫೊರಾಮಿನಿಫೆರಾ, ನ್ಯಾನೋ ಪಳೆಯುಳಿಕೆ ಎಂಬ ಮೂರು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡದ್ದು ಇಲ್ಲಿದೆ.

ಕೋಣೆಕೋಣೆಯಾದ ಸುರುಳಿ ಚಿಪ್ಪಿನ, ಅಳಿದುಹೋದ ಸಮುದ್ರಪ್ರಾಣಿ ಅಮೋನೈಟ್ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಯಂತ್ರ ಬೇಡ. ಜುರಾಸಿಕ್ ಕಾಲದ ಪದರಗಳನ್ನು ಹತ್ತು ಲಕ್ಷ ವರ್ಷಕ್ಕಿಂತ ಸಣ್ಣ ತುಂಡುಗಳಾಗಿ ವಿಂಗಡಿಸುವಷ್ಟು ಬೇಗ ಅದರ ಜಾತಿಗಳು ಬದಲಾಗಿವೆ. ತೊಂದರೆ ಬೇರೆ ಕಡೆ ಇದೆ. ಇಳಿಜಾರಿನಲ್ಲಿ ಬಿದ್ದಿದ್ದನ್ನು ಆರಿಸಿ ತಂದರೆ ಅದು ಮೇಲಿನ ಯಾವುದೋ ಪದರದಿಂದ ಉರುಳಿದ್ದು. ನೀವು ನಿಂತ ಪದರ ಅದಕ್ಕಿಂತ ಹಳೆಯದಿರಬಹುದು. ಕಲ್ಲಿನಲ್ಲಿ ಹುದುಗಿದ್ದನ್ನೇ ಅಳತೆ ಬರೆದು ತೆಗೆಯಿರಿ. ಗುರುತಿಸಲು ಸುರುಳಿ ಮತ್ತು ಏಣುಗಳ ಜೊತೆ ಕೋಣೆಗೋಡಿನ ಅಂಕುಡೊಂಕು ರೇಖೆಯೂ ಬೇಕು. ಅದು ಒಳಗಿನ ಅಚ್ಚಿನ ಮೇಲಷ್ಟೇ ಕಾಣುತ್ತದೆ, ಚಿಪ್ಪು ಉಳಿದಿದ್ದರೆ ಮುಚ್ಚಿಹೋಗಿರುತ್ತದೆ. ಯುರೋಪಿನ ಪಟ್ಟಿಯನ್ನು ಹಾಗೆಯೇ ಹೊಂದಿಸುವುದೂ ಅಪಾಯ. ಮ್ಯಾಕ್ರೊಸೆಫಲೈಟಿಸ್ ಎಂಬ ಅಮೋನೈಟ್ ಕಂಡರೆ ಜುರಾಸಿಕ್‌ನ ಕ್ಯಾಲೋವಿಯನ್ ಘಟ್ಟ ಶುರುವಾಯಿತು ಎನ್ನುವುದು ಹಳೆಯ ಪಾಠ. ಕಛ್‌ನಲ್ಲಿ ಅದು ಅದರ ಹಿಂದಿನ ಘಟ್ಟವಾದ ಬ್ಯಾಥೋನಿಯನ್ ಕೊನೆಗೇ ಬಂದುಬಿಟ್ಟಿದೆ.

ದಿನವೂ ಮಾಡಬೇಕಾದ ಕೆಲಸಕ್ಕೆ ನಮ್ಮ ಆಯ್ಕೆ ಫೊರಾಮಿನಿಫೆರಾ, ಅಂದರೆ ಏಕಕೋಶ ಜೀವಿಗಳ ಸೂಕ್ಷ್ಮ ಚಿಪ್ಪು. ಅಂಗೈಯಗಲ ಜೇಡಿಯಲ್ಲಿ ನೂರಾರು ಸಿಗುತ್ತವೆ, ಹಾಗಾಗಿ ಅದೃಷ್ಟ ನಂಬಿ ಕೂರಬೇಕಿಲ್ಲ. ಒಣಗಿದ 100ರಿಂದ 200 ಗ್ರಾಂ ಮಾದರಿಯನ್ನು ಬಟಾಣಿ ಗಾತ್ರಕ್ಕೆ ಒಡೆಯಿರಿ. ಕುಟ್ಟಿ ಪುಡಿ ಮಾಡಬೇಡಿ. ಅರಿಯಲೂರು ಸೀಮೆಯ ಕಾರೈ ಜೇಡಿ ನಮ್ಮ ಎರಿ ಮಣ್ಣಿನ ಹಾಗೆ, ಪೂರ್ತಿ ಒಣಗಿಸಿ ನೀರಿಗೆ ಹಾಕಿದರೆ ತಾನೇ ಬಿರಿಯುತ್ತದೆ. ಬಿರಿಯದಿದ್ದರೆ ವಾಷಿಂಗ್ ಸೋಡಾ ಹಾಕಿ ಕುದಿಸಿ, ಅದಕ್ಕೂ ಜಗ್ಗದಿದ್ದರೆ ಶೇ. 5ರ ಆಸುಪಾಸಿನ ಹೈಡ್ರೋಜನ್ ಪೆರಾಕ್ಸೈಡ್. ಆದರೆ ಜೇಡಿಯಲ್ಲಿ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಇದ್ದರೆ ಪೆರಾಕ್ಸೈಡ್ ಅದನ್ನು ಆಮ್ಲ ಮಾಡಿಬಿಡುತ್ತದೆ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆಗೆ ಚಿಪ್ಪುಗಳೇ ಕರಗಿರುತ್ತವೆ. ಗಂಟೆಗೊಮ್ಮೆ ಲಿಟ್ಮಸ್ ಅದ್ದಿ ನೋಡಿ.

ತೊಳೆಯಲು 63 ಮೈಕ್ರಾನ್ ಜರಡಿ. ಬೇಗ ಮುಗಿಯಲೆಂದು 150 ಹಿಡಿದವರು ಡೇನಿಯನ್ (ಡೈನೋಸಾರ್ ಅಳಿವಿನ ನಂತರದ ಮೊದಲ ಘಟ್ಟ) ಆರಂಭದ ಫೊರಾಮ್ ಪಾರ್ವುಲಾರುಗೊಗ್ಲೊಬಿಜೆರಿನಾವನ್ನು ಮೋರಿಗೆ ಬಿಟ್ಟ ಹಾಗೆಯೇ. ಹೆಸರು ಉದ್ದ, ಚಿಪ್ಪು ಅತಿ ಸಣ್ಣದು. ಪ್ರತಿ ಮಾದರಿಯ ನಂತರ ಜರಡಿಯನ್ನು ಮಿಥಿಲೀನ್ ಬ್ಲೂನಲ್ಲಿ ಅದ್ದಿ. ಮುಂದಿನ ಮಾದರಿಯಲ್ಲಿ ನೀಲಿ ಚಿಪ್ಪು ಕಂಡರೆ ಅದು ಹಿಂದಿನದರ ಉಳಿಕೆ, ಲೆಕ್ಕಕ್ಕಿಲ್ಲ. ಬೋರ್ ನೀರಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಉಪ್ಪು ಕೂರುವುದರಿಂದ ಕೊನೆಯ ತೊಳೆತಕ್ಕೆ ಫಿಲ್ಟರ್ ನೀರು ಬಳಸಿ. 50ರಿಂದ 60 ಡಿಗ್ರಿಯಲ್ಲಿ ಒಣಗಿಸಿ, ಸ್ಟೀರಿಯೋ ಮೈಕ್ರೋಸ್ಕೋಪ್ ಕೆಳಗೆ ಒದ್ದೆ ಮಾಡಿದ 000 ನಂಬರಿನ ಕುಂಚದಿಂದ ಸುಮಾರು 300 ಚಿಪ್ಪು ಆರಿಸಿ. ಹೆಲ್ವೆಟೊಗ್ಲೊಬೊಟ್ರಂಕಾನಾ ಹೆಲ್ವೆಟಿಕಾ ಬಂದರೆ ಕ್ರಿಟೇಶಿಯಸ್ ಕಾಲದ ಟ್ಯೂರೋನಿಯನ್ ಘಟ್ಟ. ಅಬಾಥೊಂಫಾಲಸ್ ಮಯಾರೊಎನ್ಸಿಸ್ ಬಂದರೆ ಅದೇ ಕಾಲದ ಕಡೆಯ ಘಟ್ಟವಾದ ಮಾಸ್ಟ್ರಿಕ್ಟಿಯನ್‌ನ ಕೊನೆಯ ಭಾಗ. ಕಲ್ಲು ಗಟ್ಟಿ ಸುಣ್ಣದ್ದಾದರೆ ಇದೆಲ್ಲ ನಡೆಯದು, 30 ಮೈಕ್ರಾನ್ ತೆಳುವಾಗಿ ಉಜ್ಜಿದ ಸ್ಲೈಡಿನಲ್ಲಿ ಅಡ್ಡಕೊಯ್ತ ನೋಡಿಯೇ ಗುರುತಿಸಬೇಕು. ಅದು ಬೇರೆಯದೇ ಕಸುಬು.

ನ್ಯಾನೋ ಪಳೆಯುಳಿಕೆ ಎಂದರೆ ಸಮುದ್ರದ ಸೂಕ್ಷ್ಮ ಪಾಚಿಗಳ ಸುಣ್ಣದ ಬಿಲ್ಲೆಗಳು. ಅದಕ್ಕೆ ಉಗುರು ತುದಿಯಷ್ಟು ಮಣ್ಣು ಸಾಕು. ಮಾದರಿಯ ಹೊರಮೈ ಕೆರೆದು ಬಿಸಾಕಿ, ಒಳಗಿನದನ್ನು ಹಲ್ಲುಕಡ್ಡಿಯಿಂದ ಒಂದು ಹನಿ ನೀರಿನಲ್ಲಿ ಸವರಿ, ಒಣಗಿಸಿ ಅಂಟು ಹಾಕಿದರೆ ಹತ್ತು ನಿಮಿಷದಲ್ಲಿ ಸ್ಲೈಡ್ ಸಿದ್ಧ. ಇಷ್ಟು ಸುಲಭವಾದರೂ ಇದನ್ನು ಮೊದಲ ಸ್ಥಾನಕ್ಕೆ ಏರಿಸಲಾಗದು. 1000 ಪಟ್ಟು ಹಿಗ್ಗಿಸುವ ಎಣ್ಣೆ ಲೆನ್ಸ್ ಮತ್ತು ಅಡ್ಡ ಪೋಲರೈಸರ್ ಇಲ್ಲದೆ ಏನೂ ಕಾಣದು. ಮೇಲೆ ಹೇಳಿದ ಫಿಲ್ಟರ್ ನೀರು ಇಲ್ಲಿ ಶತ್ರು: ತುಸು ಆಮ್ಲೀಯವಾದರೂ ಕೆಲವೇ ಮೈಕ್ರಾನಿನ ಈ ಬಿಲ್ಲೆಗಳನ್ನು ತಿನ್ನುತ್ತದೆ. ಒಂದು ತೊಟ್ಟು ಅಮೋನಿಯಾ ಬೆರೆಸಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಎರಡು ಊರಿನ ಪದರಗಳನ್ನು ಹೊಂದಿಸುವಾಗ ಮೂರರ ಬಲಾಬಲ ಬಯಲಾಗುತ್ತದೆ. ಒಂದು ಜಾಗದ ಎತ್ತರ ಅಡ್ಡಕ್ಕೆ, ಇನ್ನೊಂದರದು ಉದ್ದಕ್ಕೆ ಗ್ರಾಫ್ ಹಾಳೆಯಲ್ಲಿ ಹಾಕಿ, ಒಂದೊಂದು ಜಾತಿ ಮೊದಲು ಕಂಡ ಮತ್ತು ಕೊನೆಗೆ ಕಂಡ ಮಟ್ಟವನ್ನು ಚುಕ್ಕೆ ಇಡುವುದು 1964ರಲ್ಲಿ ಅಲನ್ ಶಾ ತೋರಿಸಿದ ವಿಧಾನ. ಚುಕ್ಕೆಗಳ ಗೆರೆ ಓರೆಯಾಗಿ ಸಾಗಿ ಒಂದೆಡೆ ಮಟ್ಟಸ ಓಡಿದರೆ, ಅಷ್ಟು ಕಾಲದ ಪದರ ಒಂದು ಊರಿನಲ್ಲಿ ಇಲ್ಲವೇ ಇಲ್ಲ ಎಂದರ್ಥ. ಅಮೋನೈಟಿನಿಂದ ಸಿಗುವ ಚುಕ್ಕೆ ಬೆರಳೆಣಿಕೆ, ಅದೂ ವಿರಳ ಜಾತಿ ನಿಜವಾಗಿ ಅಳಿಯುವ ಮೊದಲೇ ಅಳಿದಂತೆ ಕಾಣುತ್ತದೆ. ಕೊರೆದ ಬಾವಿಯ ಚೂರುಗಳಲ್ಲಿ ಮಾತ್ರ ಎಚ್ಚರ: ಮೇಲಿನ ಗೋಡೆ ಕುಸಿದು ಕೆಳಗಿನದಕ್ಕೆ ಬೆರೆಯುವುದರಿಂದ 'ಮೊದಲು ಕಂಡದ್ದು' ನಂಬಬಾರದು, 'ಕೊನೆಗೆ ಕಂಡದ್ದು' ಮಾತ್ರ ನಂಬಬೇಕು.

ಇದರ ಫಲ ಬೆಳಗಾವಿಯ ಕಪ್ಪು ಕಲ್ಲಿಗೂ ಇದೆ. ದಖನ್ ಲಾವಾ ಪದರಗಳ ನಡುವೆ ಸಾಮಾನ್ಯವಾಗಿ ಸಿಗುವುದು ಸಿಹಿನೀರಿನ ಬಸವನಹುಳು, ಅದರಿಂದ ದೂರದ ಸಮುದ್ರದೊಂದಿಗೆ ನೇರ ತಾಳೆ ಬರದು. ಆದರೆ ರಾಜಮಂಡ್ರಿಯಲ್ಲಿ ಲಾವಾ ನಡುವೆ ಸಮುದ್ರದ ಪದರವಿದೆ. ಅಲ್ಲಿನ ಡೇನಿಯನ್ ಫೊರಾಮುಗಳ ನೆರವಿನಿಂದ ಲಾವಾ ಕಾಲವನ್ನು 6.6 ಕೋಟಿ ವರ್ಷದ ಅಳಿವಿನ ಗೆರೆಗೆ ಕಟ್ಟಲಾಯಿತು.

ಲೋಕಾಪುರ ಕಡೆಯ ಡೊಲೊಮೈಟಿಗೆ ಈ ಮೂರೂ ಉಪಯೋಗವಿಲ್ಲ. ಅಲ್ಲಿರುವುದು ಸ್ಟ್ರೊಮಾಟೊಲೈಟ್, ಸೂಕ್ಷ್ಮಜೀವಿಗಳು ಕಟ್ಟಿದ ಗುಮ್ಮಟ. ಅದರ ಆಕಾರ ನೋಡಿ ವಯಸ್ಸು ಹೇಳುವವರ ಮಾತಿಗೆ ನಾವು ಬೆಲೆ ಕೊಡುವುದಿಲ್ಲ, ನೀರಿನ ಆಳ ಬದಲಾದರೆ ಆಕಾರವೂ ಬದಲಾಗುತ್ತದೆ. ಆದರೆ ಗುಮ್ಮಟದ ಉಬ್ಬು ಯಾವಾಗಲೂ ಮೇಲ್ಮುಖ. ಮಡಿಕೆಬಿದ್ದ ಬಾಗಲಕೋಟೆ ಪದರಗಳಲ್ಲಿ ಯಾವುದು ಮೇಲೆ, ಯಾವುದು ತಲೆಕೆಳಗು ಎಂದು ತಿಳಿಯಲು ಅಷ್ಟು ಸಾಕು. ತುಂಡು ಕೀಳುವ ಮೊದಲೇ ಅದರ ಮೇಲೆ ಉಬ್ಬಿನ ದಿಕ್ಕಿಗೆ ಬಾಣ ಬರೆಯಿರಿ.