ತಪ್ಪಚ್ಚಿನ ನಾಣ್ಯ ಸಿಕ್ಕಿತು ಅಂತ ಹಿಗ್ಗೋ ಮೊದಲು ಇದನ್ನೊಮ್ಮೆ ಓದಿ

ನಾನು ಶಿವಮೊಗ್ಗ–ತೀರ್ಥಹಳ್ಳಿ ಖಾಸಗಿ ಬಸ್ಸಿನ ಕಂಡಕ್ಟರ್. ‘ಈ ನಾಣ್ಯ ಇದ್ರೆ ನೀವೇ ಲಕ್ಷಾಧಿಪತಿ’ ಅನ್ನೋ ವಿಡಿಯೊಗಳನ್ನ ನೋಡಿ ನೋಡಿ, ಮಂಡಗದ್ದೆ ದಾಟಿ ಜನ ಕಮ್ಮಿಯಾದ್ರೆ ಸಾಕು, ಚಿಲ್ಲರೆ ಬ್ಯಾಗು ಕೆದಕೋ ಚಟ ಹತ್ತಿತ್ತು.

ಮಳೆಗಾಲದಲ್ಲಿ ಒಂದೇ ವಾರ ತಪ್ಪಚ್ಚಿನ ಥರ, ಅಂದ್ರೆ ಟಂಕಸಾಲೆಯಲ್ಲೇ ಅಚ್ಚು ತಪ್ಪಾಗಿ ಬಿದ್ದ ಥರ, ಕಾಣೋ ನಾಣ್ಯ ಎರಡು ಸಿಕ್ಕವು. ಒಂದು ಹಿತ್ತಾಳೆ ಬಣ್ಣದ ಐದು ರೂಪಾಯಿ. ‘5’ ಇರೋ ಮಗ್ಗುಲಲ್ಲೇ ಸಿಂಹದ ಗುರುತು ಉಲ್ಟಾ ಆಗಿ ಒಳಕ್ಕೆ ಒತ್ತಿತ್ತು. ಇನ್ನೊಂದು ಹತ್ತು ರೂಪಾಯಿ. ಪುಸ್ತಕದ ಹಾಳೆ ಮಗುಚಿದ ಹಾಗೆ ತಿರುಗಿಸಿದ್ರೆ ನಮ್ಮ ನಾಣ್ಯದ ಎರಡೂ ಕಡೆ ನೆಟ್ಟಗೆ ನಿಲ್ಲಬೇಕು. ಇದರ ಹಿಂಬದಿ ಪಕ್ಕಕ್ಕೆ ವಾಲಿತ್ತು. ಆದರೆ ನನ್ನ ಕಣ್ಣೆಲ್ಲ ಆ ಐದರ ಮೇಲೇ.

ಫೋಟೊ ಹಾಕಿದ ರಾತ್ರಿಯೇ ವಾಟ್ಸಾಪಿಗೆ ಒಬ್ಬ ಬಂದ. ರಿಸರ್ವ್ ಬ್ಯಾಂಕಿನ ಮುದ್ರೆ ಇರೋ ಗುರುತಿನ ಚೀಟಿ, 1.8 ಲಕ್ಷದ ಮಾತು. ಮೊದಲು ನೋಂದಣಿಗೆ 1,250. ಆಮೇಲೆ ಜಿಎಸ್‌ಟಿ ಅಂತ 4,600. ಎರಡೂ ಕಟ್ಟಿದೆ, ಮನೆಯಲ್ಲಿ ಹೇಳದೆ. ವಿಮೆಗೆ 9,000 ಅಂದಾಗ ಕೈ ನಡುಗಿತು. ಇಂಥ ವ್ಯವಹಾರಕ್ಕೂ ತನಗೂ ಸಂಬಂಧ ಇಲ್ಲ, ಕಮಿಷನ್ ಕೇಳೋದೂ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟಲ್ಲೇ ಎಚ್ಚರಿಸಿತ್ತಂತೆ. ನಾನು ಓದಿದ್ದು ದುಡ್ಡು ಹೋದ ಮೇಲೆ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ, ಹಣ ಇನ್ನೂ ಬಂದಿಲ್ಲ.

ಕೊನೆಗೆ ದುರ್ಗಿಗುಡಿಯಲ್ಲಿ ನಾಣ್ಯ ಕೂಡಿಡೋ ಹಿರಿಯರೊಬ್ಬರ ಹತ್ತಿರ ಹೋದೆ. ಭೂತಗನ್ನಡಿ ಹಿಡಿದು ಅರೆ ನಿಮಿಷ ನೋಡಿ, “ತಮ್ಮಾ, ಇದನ್ನ ಯಾರೋ ಇನ್ನೊಂದು ನಾಣ್ಯದ ಜೊತೆ ವೈಸಿಗೆ ಹಾಕಿ ಬಿಗಿದಿದ್ದಾರೆ” ಅಂದ್ರು. ವೈಸ್ ಅಂದ್ರೆ ವರ್ಕ್‌ಶಾಪಲ್ಲಿ ತಿರುಪು ತಿರುಗಿಸಿ ಒತ್ತಿ ಹಿಡಿಯೋ ಇಕ್ಕಳ. ಇಂಥ ಗುರುತು ನಿಜವಾಗಿ ಹೇಗೆ ಬೀಳುತ್ತೆ ಅಂತ ಅವರು ಬಿಡಿಸಿ ಹೇಳಿದ್ದು ಇಷ್ಟು. ಟಂಕಸಾಲೆಯಲ್ಲಿ ಒತ್ತಿದ ನಾಣ್ಯ ಕೆಲವೊಮ್ಮೆ ಅಚ್ಚಿಗೇ ಅಂಟಿಕೊಳ್ಳುತ್ತೆ. ಮುಂದಿನ ಬಿಲ್ಲೆಗೆ ಆ ಕಡೆ ಅಚ್ಚು ತಾಗೋದೇ ಇಲ್ಲ, ಅಂಟಿದ ನಾಣ್ಯವೇ ತಾಗುತ್ತೆ. ಹಾಗಾಗಿ ಒಂದು ಕಡೆ ಸಿಂಹ ಉಬ್ಬಿರುತ್ತೆ, ಇನ್ನೊಂದು ಕಡೆ ಅದೇ ಸಿಂಹ ಉಲ್ಟಾ, ತಗ್ಗಾಗಿ. ಇದನ್ನೇ ಬ್ರಾಕೇಜ್ ಅನ್ನೋದು. ಅಲ್ಲಿ ‘5’ಕ್ಕೆ ಜಾಗವೇ ಇಲ್ಲ! ನನ್ನದರಲ್ಲಿ ಉಲ್ಟಾ ಸಿಂಹದ ಅಡಿಯಲ್ಲಿ ಚಪ್ಪಟೆಯಾದ ‘5’ ಹಾಗೇ ಕೂತಿತ್ತು. ಮೂರು ವಾರ ಕೈಯಲ್ಲಿಟ್ಟುಕೊಂಡು ನೋಡಿದ್ದೀನಿ, ಹೊಳೆದಿರಲಿಲ್ಲ.

ಹೊರಡೋವಾಗ ಹತ್ತರ ನಾಣ್ಯ ತೋರಿಸಿದೆ. ಅದು ನಿಜವಾದ್ದು, ಅಚ್ಚು ತಿರುಗಿ ಕೂತಾಗ ಆಗಿದ್ದು. ಲಕ್ಷ ಬಾಳೋದಲ್ಲ, ಆದರೂ “ನಾನೇ ತಗೊಳ್ತಿದ್ದೆ” ಅಂದ್ರು. ‘ತಗೊಳ್ತೀನಿ’ ಅನ್ನದೆ ‘ತಗೊಳ್ತಿದ್ದೆ’ ಅಂದಿದ್ದಕ್ಕೆ ಕಾರಣ, ಚೆನ್ನಾಗಿ ಕಾಣಲಿ ಅಂತ ನಾನು ಅದನ್ನ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿಟ್ಟಿದ್ದೆ. ಗೀರು ಬಿದ್ದ ನಾಣ್ಯ ಸಂಗ್ರಹಕಾರರಿಗೆ ಬೇಡವಂತೆ. ಸಿಕ್ಕಿದ್ದನ್ನ ಹಾಗೇ ಕಾಗದದಲ್ಲಿ ಸುತ್ತಿಡಬೇಕಿತ್ತು.

ಮೊನ್ನೆ ಭಾನುವಾರ ಬೇರೆ ನಂಬರಿಂದ ಮೆಸೇಜು ಬಂತು. ಅದೇ ಗುರುತಿನ ಚೀಟಿ, ಅದೇ ಫೋಟೊ, ಹೆಸರು ಮಾತ್ರ ಹೊಸದು. ಜಿಎಸ್‌ಟಿ ಈ ಸಲ 3,200ಕ್ಕೆ ಇಳಿದಿದೆ.