ಯುಫೋನಿಯಂಗೆ ಯಾವ ಮೌತ್‌ಪೀಸ್? ನನ್ನ ಓಟು ಬಾಕ್ ಆರೂವರೆಗೆ

ಮೊದಲೇ ಹೇಳಿಬಿಡುತ್ತೇನೆ: ಕಲಬುರಗಿಯ ಮದುವೆ ಬ್ಯಾಂಡಿನಲ್ಲಿ ಯುಫೋನಿಯಂ, ಅಂದರೆ ಕೆಳಸ್ವರದ ದೊಡ್ಡ ಹಿತ್ತಾಳೆ ವಾದ್ಯ, ಊದುವವರಿಗೆ ಬಾಕ್ ಕಂಪನಿಯ 6½ಎಎಲ್ ಮೌತ್‌ಪೀಸ್ (ತುಟಿಗಿಟ್ಟು ಊದುವ ತುಂಡು), ಅದೂ ಸಣ್ಣ ಶ್ಯಾಂಕಿನದು, ಸಾಕು. ಶ್ಯಾಂಕ್ ಅಂದರೆ ವಾದ್ಯದ ಕೊಳವೆಯೊಳಗೆ ಕೂರುವ ಬಾಲ. ಡೆನಿಸ್ ವಿಕ್ ಕಂಪನಿಯ 4ಎಎಲ್ ಮತ್ತು ಕೆಲ್ಲಿ ಕಂಪನಿಯ ಪ್ಲಾಸ್ಟಿಕ್ ಮೌತ್‌ಪೀಸ್ ಎರಡನ್ನೂ ಊದಿ ನೋಡಿಯೇ ಈ ಮಾತು.

ನನ್ನ ವಾದ್ಯ ಮೀರತ್‌ನದು. ಅದರ ಜೊತೆಗೇ ಬಂದ ಮೌತ್‌ಪೀಸಿನ ಕಪ್, ಅಂದರೆ ತುಟಿ ಇಡುವ ಬಟ್ಟಲು, ಆಳವಿಲ್ಲ, ಕೆಳಸ್ವರ ತಗಡು ಬಡಿದಂತೆ ಕೇಳುತ್ತದೆ. ಅದರ ಸುದ್ದಿ ಇಷ್ಟಕ್ಕೇ ಸಾಕು.

ತಲೆ ತಿಂದದ್ದು 4ಎಎಲ್. ಅದರ ಸ್ವರವಲ್ಲ, ಶ್ಯಾಂಕ್. ಅಂದರೆ ವಾದ್ಯದ ಕೊಳವೆಯೊಳಗೆ ಕೂರುವ ಬಾಲ. ಯುಫೋನಿಯಂ ಮೌತ್‌ಪೀಸಿನಲ್ಲಿ ಸಣ್ಣದು, ನಡುವಿನದು, ದೊಡ್ಡದು ಎಂದು ಮೂರು ಅಳತೆ ಉಂಟು. ತರಿಸಿದ ಆನ್‌ಲೈನ್ ಅಂಗಡಿಯವರನ್ನು ಫೋನ್ ಮಾಡಿ ಕೇಳಿದರೆ ‘ಎಲ್ಲದಕ್ಕೂ ಕೂಡುತ್ತದೆ’ ಅಂದರು. ನನ್ನ ವಾದ್ಯಕ್ಕೆ ಬೇಕಾದದ್ದು ಸಣ್ಣದು, ಬಂದದ್ದು ದೊಡ್ಡ ಶ್ಯಾಂಕ್. ಸುಮಾರು ಒಂದು ಇಂಚು ಒಳಗೆ ಹೋಗಬೇಕಾದದ್ದು ತುದಿಯಷ್ಟೇ ಕಚ್ಚಿಕೊಂಡು ನಿಂತಿತು. ಕೊಳವೆ ಅಷ್ಟು ಉದ್ದವಾದಂತಾಯಿತಲ್ಲ, ಸ್ವರ ಇಳಿಯಿತು. ಸ್ವರ ಹೊಂದಿಸುವ ಟ್ಯೂನಿಂಗ್ ಸ್ಲೈಡನ್ನು ಪೂರ್ತಿ ಒಳಗೆ ತಳ್ಳಿದರೂ ಬ್ಯಾಂಡಿನ ಕ್ಲಾರಿನೆಟ್‌ನ ಸ್ವರಕ್ಕೆ ಕೂಡಲಿಲ್ಲ. ಅಲುಗಾಟ ಬೇರೆ, ನಡೆಯುತ್ತಾ ಊದುವಾಗ ಕಪ್ಪಿನ ಅಂಚು (ರಿಮ್) ತುಟಿಯ ಮೇಲೆ ನಿಲ್ಲುವುದೇ ಇಲ್ಲ.

ಟ್ರಂಪೆಟ್ ಊದುವ ಕಾಕಾ, “ಲೇತಿಗೆ ಕೊಟ್ಟು ತಿರುವಿಸೋ ತಮ್ಮಾ” ಅಂದರು. “ತುದಿ ಮೊದಲೇ ತೆಳ್ಳಗದ ಕಾಕಾ, ತಿರುವಿದ್ರ ಉಳಿಯಂಗಿಲ್ರೀ” ಅಂದೆ. ಅಡಾಪ್ಟರ್ ಸಿಗುತ್ತದೆ, ಆದರೆ ಅದು ಸಣ್ಣ ಶ್ಯಾಂಕನ್ನು ದೊಡ್ಡ ಕೊಳವೆಗೆ ಕೂರಿಸಲು. ನನಗೆ ಬೇಕಿದ್ದದ್ದು ಉಲ್ಟಾ. ವಾಪಸ್ ಕಳಿಸೋಣವೆಂದರೆ ‘ಬಾಯಿಗೆ ಇಟ್ಟ ಸಾಮಾನು ವಾಪಸ್ ಇಲ್ಲ’ ಅಂದರು. ಬಾಯಿಗೆ ಇಡದೆ ಮೌತ್‌ಪೀಸ್ ಪರೀಕ್ಷೆ ಮಾಡುವುದು ಹೇಗೋ ಅವರೇ ಹೇಳಬೇಕು.

ತರಿಸುವವರು ಗಮನಿಸಿ: ಡೆನಿಸ್ ವಿಕ್‌ನಲ್ಲಿ ಕೊನೆಯ ಎಲ್ ಅಂದರೆ ದೊಡ್ಡ ಶ್ಯಾಂಕ್, ಎಸ್ ಸಣ್ಣದು, ವೈ ನಡುವಿನದು. ಬಾಕ್ 6½ಎಎಲ್‌ನ ಎಲ್‌ಗೂ ಶ್ಯಾಂಕಿಗೂ ಸಂಬಂಧವೇ ಇಲ್ಲ. ಅದು ಸಣ್ಣದರಲ್ಲೂ ದೊಡ್ಡದರಲ್ಲೂ ಬರುತ್ತದೆ, ಬಾಯಿಬಿಟ್ಟು ಕೇಳಿಯೇ ತರಿಸಬೇಕು. ಅಂಕಿಗಳದ್ದೂ ಇದೇ ಕಥೆ: ಬಾಕ್, ವಿಕ್ ಎರಡರಲ್ಲೂ ಅಂಕಿ ಇಳಿದಷ್ಟು ಕಪ್ ಅಗಲ, ಯಮಹಾದಲ್ಲಿ ಏರಿದಷ್ಟು.

4ಎಎಲ್ ಕೆಟ್ಟದ್ದೇನಲ್ಲ. ಲಂಡನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ಟ್ರೊಂಬೋನ್ ಊದುತ್ತಿದ್ದವರ ಹೆಸರಿನ ಮಾಲು ಅದು. ಪರಿಚಯದ ಒಬ್ಬರ ದೊಡ್ಡ ಕೊಳವೆಯ ವಾದ್ಯಕ್ಕೆ ಹಾಕಿ ಊದಿದೆ. ಕೆಳಸ್ವರ ಎಷ್ಟು ತುಂಬಿ ಬಂತೆಂದರೆ ನನಗೇ ಆಸೆಯಾಯಿತು. ಆದರೆ ಒಳ ಅಗಲ 26 ಮಿ.ಮೀ. ಹತ್ತಿರ, ಬಾಕ್‌ನದು 25.4. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಕೂತು ಅರ್ಧ ಗಂಟೆ ಊದುವವರಿಗೆ ಏನೂ ಅಲ್ಲ. ಸೂಪರ್ ಮಾರ್ಕೆಟ್ ಕಡೆಯಿಂದ ಫಂಕ್ಷನ್ ಹಾಲ್‌ವರೆಗೆ, ವರನ ಗೆಳೆಯರು ಹೆಜ್ಜೆಗೊಮ್ಮೆ ನಿಂತು ಕುಣಿಯುವ ಮೆರವಣಿಗೆಯಲ್ಲಿ, ಕೊನೆಯ ಹಾಡಿನ ಹೊತ್ತಿಗೆ ತುಟಿ ಬಿಟ್ಟುಕೊಡುತ್ತದೆ. ಆರೂವರೆಯಲ್ಲಿ ಆಗಲೂ ಮೇಲಿನ ಸ್ವರ ಸಿಗುತ್ತದೆ. ಕೆಳಗಿನದು ಒಂದಿಷ್ಟು ತೆಳುವೇ, ಒಪ್ಪುತ್ತೇನೆ. ಹಿಂದೆ ಡಿಜೆ ಗಾಡಿ ಇರುವಾಗ ಅದನ್ನು ಕೇಳುವವರಾರು?

ಇನ್ನು ಪ್ಲಾಸ್ಟಿಕ್. ಇದು ಮೂರರಲ್ಲಿ ಅಗ್ಗ. ಪಾಲಿಕಾರ್ಬೊನೇಟ್ ಆದ್ದರಿಂದ ಕೈತಪ್ಪಿ ಡಾಂಬರ್ ಮೇಲೆ ಬಿದ್ದರೂ ಶ್ಯಾಂಕಿನ ತುದಿ ಲೋಹದ್ದರಂತೆ ಸೊಟ್ಟಗಾಗುವುದಿಲ್ಲ. ಮೇ ತಿಂಗಳ ನಮ್ಮ ಬಿಸಿಲಲ್ಲಿ ಊಟದ ಹೊತ್ತು ವಾದ್ಯ ಹೊರಗಿಟ್ಟು ಬಂದರೆ ಬೆಳ್ಳಿ ಲೇಪದ ರಿಮ್ ತುಟಿ ಸುಡುತ್ತದೆ. ಪ್ಲಾಸ್ಟಿಕ್ ಹಾಗೆ ಸುಡುವುದಿಲ್ಲ. ಸ್ವರದ ಅಂಚು ಮಾತ್ರ ಮೊಂಡು, ಬೆವರಿದ ತುಟಿ ಜಾರುವುದೂ ಇದರಲ್ಲೇ ಹೆಚ್ಚು.

ದುಡ್ಡಿನ ಲೆಕ್ಕಕ್ಕೆ ಬಂದರೆ, ಬಾಕ್‌ಗೆ ಒಂದು ಮದುವೆಯ ನನ್ನ ಪಾಲು ಪೂರ್ತಿ ಹೋಯಿತು. ಅಷ್ಟು ಕೈಯಲ್ಲಿಲ್ಲದ ಹುಡುಗರು ಈ ಸೀಸನ್ ಸಣ್ಣ ಶ್ಯಾಂಕಿನ ಪ್ಲಾಸ್ಟಿಕ್ ಆರೂವರೆ ತಗೊಳ್ಳಿ, ಮುಂದಿನ ವರ್ಷ ಬಾಕ್ ತರಿಸಿ. ಕಪ್ಪಿನ ಅಳತೆ ಹೆಚ್ಚುಕಮ್ಮಿ ಅದೇ, ತುಟಿ ಹೊಸದಾಗಿ ಪಳಗಿಸಬೇಕಿಲ್ಲ. ನನ್ನ 4ಎಎಲ್ ಡಬ್ಬಿಯಲ್ಲೇ ಇದೆ. ದೊಡ್ಡ ಕೊಳವೆಯ ವಾದ್ಯದವರು ಕೇಳಿದರೆ ಅರ್ಧ ಬೆಲೆಗೆ ಕೊಡುತ್ತೇನೆ.