ಡಾಂಗಲ್ ಇದ್ದರಷ್ಟೇ ತೆರೆಯುವ ಕನ್ನಡ ಡಿಟಿಪಿ ಪ್ಯಾಕೇಜು: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮದು ಸಣ್ಣ ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸಿಕೊಡುವ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಸಂಘಗಳ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಪುಸ್ತಕ. ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಜೊತೆ ಬಳಸಲು ಈ ಪ್ಯಾಕೇಜನ್ನು ದುಡ್ಡು ಕೊಟ್ಟೇ ತಗೊಂಡೆವು. ಡಾಂಗಲ್ ಎಂಬ ಬೀಗದ ಕೈಯಂಥ ಸಣ್ಣ ಸಾಧನವನ್ನು ಕಂಪ್ಯೂಟರಿಗೆ ಸಿಕ್ಕಿಸಿದರಷ್ಟೇ ಇದು ತೆರೆಯುತ್ತದೆ. ಇದರ ಅಕ್ಷರಗಳ ಬಗ್ಗೆ ಇವತ್ತಿಗೂ ತಕರಾರಿಲ್ಲ. ಒತ್ತಕ್ಷರಗಳು ಪ್ರಿಂಟಿನಲ್ಲಿ ಸ್ಪಷ್ಟವಾಗಿ ಬರುತ್ತವೆ.

ಕಂಪ್ಯೂಟರ್ ಬದಲಿಸಿದಾಗ ತೊಂದರೆ ಶುರುವಾಯಿತು. ಡಾಂಗಲ್ ನಡೆಸುವ ಡ್ರೈವರ್ ತಂತ್ರಾಂಶ 32 ಬಿಟ್ ವಿಂಡೋಸಿನದು. 64 ಬಿಟ್ ವಿಂಡೋಸ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಕಂಪನಿಗೆ ಫೋನ್ ಮಾಡಿದರೆ ‘ಹಳೇದಕ್ಕೆ ಸಪೋರ್ಟ್ ಇಲ್ಲ ಸರ್, ಹೊಸದು ತಗೊಳ್ಳಿ’ ಅಂದರು. ಅದೂ ಪೂರ್ತಿ ಬೆಲೆಗೆ! ತಂತ್ರಾಂಶದ ಮೂಲ ಬರವಣಿಗೆ, ಅಂದರೆ ಸೋರ್ಸ್ ಕೋಡ್, ಇರುವುದು ಅವರ ಹತ್ತಿರ ಮಾತ್ರ. ಊರಲ್ಲಿ ಎಂಥ ಜಾಣ ಎಂಜಿನಿಯರ್ ಇದ್ದರೂ ರಿಪೇರಿ ಮಾಡುವ ಹಾಗಿಲ್ಲ. ಇದು ನ್ಯಾಯವಲ್ಲ. ಹಳೇ ಫೈಲುಗಳಿಗಾಗಿ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರ್ ಒಂದನ್ನು ಇನ್ನೂ ಇಟ್ಟುಕೊಂಡಿದ್ದೇವೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಪೋರ್ಟ್ 2014ರಲ್ಲೇ ನಿಂತಿದೆ. ಅದಕ್ಕೇ ಆ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಟ್ಟಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಬರಹದ್ದು. ಯೂನಿಕೋಡ್ ಅಂದರೆ ಎಲ್ಲ ಲಿಪಿಗಳ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಕೊಡುವ ಜಾಗತಿಕ ಪದ್ಧತಿ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಈ ಪ್ಯಾಕೇಜು ಮಾತ್ರ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತದೆ. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಒಬ್ಬ ಲೇಖಕರು ತಮ್ಮ ಹಳೇ ಪುಸ್ತಕವನ್ನು ಇ-ಪುಸ್ತಕ ಮಾಡಿಕೊಡಿ ಎಂದು ಬಂದರು. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಫಾಂಟುಗಳಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳು ಸಿಗುತ್ತವೆ. ಆದರೆ ಈ ಪ್ಯಾಕೇಜಿನಲ್ಲಿ ಯಾವ ಅಕ್ಷರದ ಜಾಗದಲ್ಲಿ ಯಾವ ತುಂಡು ಇದೆ ಎಂಬ ಕೋಡ್ ಪಟ್ಟಿಯನ್ನು ಕಂಪನಿ ಹೊರಗೆ ಬಿಟ್ಟೇ ಇಲ್ಲ. ಅರ್ಕಾವೊತ್ತಿನದು ಇನ್ನೊಂದು ಗೋಳು. ‘ಸೂರ್ಯ’ ಎಂದು ಬರೆದಾಗ ಇಲ್ಲಿ ಅರ್ಕಾವೊತ್ತು ‘ಯ’ ಆದಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ‘ರ’ ಮೊದಲು ಬರಬೇಕು. ಕೊನೆಗೆ ಪುಸ್ತಕ ಪೂರ್ತಿ ಮತ್ತೆ ಟೈಪ್ ಮಾಡಿದೆವು. ಅವರು ಬರೆದದ್ದು ಅವರ ಕೈಗೇ ಸಿಗಲಿಲ್ಲ ಅಂದರೆ ಸಂಕಟವಾಗುತ್ತದೆ ಅಲ್ವಾ?

ಹೊಸ ಕೆಲಸಕ್ಕೆ ಈಗ ಸ್ಕ್ರೈಬಸ್ ಎಂಬ ಪುಟ ವಿನ್ಯಾಸದ ಮುಕ್ತ ತಂತ್ರಾಂಶ ಬಳಸುತ್ತೇವೆ. ಮೊದಲು ಅದರಲ್ಲೂ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. ಒಮಾನಿನ ತಂಡವೊಂದು ಅರಬ್ಬಿ ಲಿಪಿಗೂ ಭಾರತದ ಲಿಪಿಗಳಿಗೂ ಬೇಕಾದ ಕೆಲಸ ಮಾಡಿತು. ಅದು 1.5.3 ಆವೃತ್ತಿಯಲ್ಲಿ ಸೇರಿ ನಮಗೂ ಸಿಕ್ಕಿತು. ಸೋರ್ಸ್ ಕೋಡ್ ತೆರೆದಿದ್ದರಿಂದಲೇ ಇದು ಆಯಿತು. ಅಲಂಕಾರದ ಕನ್ನಡ ಫಾಂಟುಗಳು ಯೂನಿಕೋಡಿನಲ್ಲಿ ಇನ್ನೂ ಕಡಿಮೆ, ಅದು ನಿಜ. ಲಗ್ನಪತ್ರಿಕೆಗೆ ‘ಬಲೂ ತಮ್ಮ’ ಎಂಬ ಫಾಂಟ್ ಚೆನ್ನಾಗಿ ಒಪ್ಪುತ್ತದೆ, ಅದು ಉಚಿತ.

ಇಂಥ ಪ್ಯಾಕೇಜು ಈಗಲೂ ಬಳಸುತ್ತಿದ್ದರೆ, ಡಾಂಗಲ್ ಕೆಲಸ ಮಾಡುತ್ತಿರುವಾಗಲೇ ಮುಖ್ಯವಾದ ಪುಟಗಳನ್ನೆಲ್ಲ ಪಿಡಿಎಫ್ ಮಾಡಿಟ್ಟುಕೊಳ್ಳಿ. ಹೊಸದಾಗಿ ಕೊಳ್ಳುವವರು ಯೂನಿಕೋಡ್ ಪಠ್ಯ ಹೊರಗೆ ತೆಗೆಯಲು ಬರುತ್ತದಾ ಎಂದು ಅಂಗಡಿಯಲ್ಲೇ ಮಾಡಿಸಿ ನೋಡಿ.